ಹಿಂದಿನ ಕೋಣೆಯಲ್ಲಿ ವಾಸ

ಭಾನುವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಪುಟ್ಟಿಗೆ,

ಹೇಗಿದ್ದೀಯೇ? ಮಂಡಿನೋವು ಕಡಿಮೆಯಾಯಿತೇ? ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲವೆಂದು ಮುಖ ಊದಿಸಿಕೊಂಡಿರುತ್ತೀಯ. ಊದಿಸಿಕೋ, ತಪ್ಪು ನನ್ನದೇ. ಅಕ್ಕ ಇದ್ದಾಳೋ ಸತ್ತಳೋ ಎಂದು ಬರೆದಿದ್ದೆಯಲ್ಲ, ಇದ್ದೇನೆ ಮಾರಾಯ್ತಿ. ಸುಸ್ತಾಗಿದೆ, ಅಷ್ಟೆ.

ಮೊದಲು ಸುದ್ದಿ ಹೇಳಿಬಿಡುತ್ತೇನೆ. ಅಂಗಡಿ ನಮ್ಮದಾಯಿತು. ಮಾಲೀಕರಿಗೆ ವಯಸ್ಸಾಯಿತು, ಮಾರುತ್ತೇನೆ ಎಂದರು. ನೀವು ಕೊಳ್ಳದಿದ್ದರೆ ಪಕ್ಕದ ಔಷಧಿ ಅಂಗಡಿಯವರು ತುದಿಗಾಲಲ್ಲಿ ನಿಂತಿದ್ದಾರೆ ಎಂದೂ ಸೇರಿಸಿದರು. ಅದು ಕೈತಪ್ಪಿದ್ದರೆ ಈ ವಯಸ್ಸಿನಲ್ಲಿ ಹೊಲಿಗೆ ಮಿಷನ್ ಹೊತ್ತುಕೊಂಡು ಎಲ್ಲಿಗೆ ಹೋಗುವುದು? ಗಿರಾಕಿಗಳೇನು ನಮ್ಮ ಬೆನ್ನು ಹತ್ತಿ ಬರುತ್ತಾರೆಯೇ? ಹೇಗೋ ಬೆಲೆ ಹೊಂದಿಸಿದೆವು. ಆಗ ಎದ್ದು ಬಂತು ನೋಡು, ಖರೀದಿ ತೆರಿಗೆ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗೆ. ವಾಸದ ಮನೆ ಕೊಂಡರೆ ಕಡಿಮೆಯಂತೆ, ವ್ಯಾಪಾರದ ಜಾಗವಾದರೆ ದುಪ್ಪಟ್ಟಂತೆ. ಅಷ್ಟನ್ನು ಕಟ್ಟುವ ಶಕ್ತಿ ನಮಗಿರಲಿಲ್ಲ.

ನಮ್ಮ ದಲ್ಲಾಳಿ ಎಲ್ಲದಕ್ಕೂ ‘ಆಗೋಯ್ತು’ ಎನ್ನುವ ಮನುಷ್ಯ. ನಾನು ಅವನಿಗೆ ಅದೇ ಹೆಸರಿಟ್ಟಿದ್ದೇನೆ. ಆಗೋಯ್ತು ಒಂದು ದಾರಿ ತೋರಿಸಿದ. ಅಂಗಡಿಯ ಹಿಂದಿನ ಕೋಣೆಯಲ್ಲಿ ಕೊಳ್ಳುವವರೇ ವಾಸವಿದ್ದರೆ ಇಡೀ ಜಾಗಕ್ಕೆ ಮನೆಯ ದರ ಹಾಕುತ್ತಾರೆ. ಆದರೆ ಐದು ವರ್ಷ ಅಲ್ಲೇ ಇರಬೇಕು, ಬಿಟ್ಟರೆ ಉಳಿಸಿದ ತೆರಿಗೆಯನ್ನು ದಂಡ ಸಮೇತ ಕೀಳುತ್ತಾರೆ. “ಐದು ವರ್ಷ ಯಾರಮ್ಮ ಕಾವಲು ಕೂತ್ಕೋತಾರೆ? ಒಂದು ಹಾಸಿಗೆ, ನಾಲ್ಕು ಪಾತ್ರೆ ಇಟ್ಬಿಡಿ, ಆಗೋಯ್ತು” ಎಂದ.

ಭಾವ ಯಾಕೆ ಫೋನಿಗೆ ಸಿಗುವುದಿಲ್ಲ ಎಂದು ಕೇಳಿದ್ದೀಯ. ಚೆನ್ನಾಗಿದ್ದಾರೆ. ಶಾಲೆಯ ಸಮವಸ್ತ್ರದ ಕೆಲಸ ಬಂದಾಗಿನಿಂದ ಅಂಗಡಿಯಲ್ಲೇ ಮಲಗುತ್ತಾರೆ. ನಮ್ಮ ರೀತಿ ನಿನಗೆ ಗೊತ್ತಲ್ಲ. ಹಿಂದಿನ ಕೋಣೆ ಅವರದು, ಅಲ್ಲಿಗೆ ನಾನು ಕಾಲಿಡುವುದಿಲ್ಲ, ಪರದೆಯ ಈಚೆ ಮಿಷನ್ನು, ಗಿರಾಕಿ, ನಾನು. ಅವರು ಬಟ್ಟೆ ಕತ್ತರಿಸಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ ಪರದೆಯ ಕೆಳಗಿನಿಂದ ಈಚೆಗೆ ತಳ್ಳುತ್ತಾರೆ, ನಾನು ಗುರುತು ನೋಡಿ ಹೊಲಿಯುತ್ತೇನೆ. ಒಂದು ಕೋಟು ಮುಗಿಯುವಷ್ಟರಲ್ಲಿ ಒಂದು ಮಾತೂ ಬೇಕಾಗುವುದಿಲ್ಲ.

ತೆರಿಗೆ ಕಚೇರಿಯವರು ಬರುವ ದಿನ ನಾನು ಮನೆಯಿಂದ ಹಾಸಿಗೆ, ಪಾತ್ರೆ ಗಂಟು ಕಟ್ಟಿಕೊಂಡು ಹೋದೆ. ನಿನ್ನ ಭಾವನಿಗೆ ಸುಳ್ಳು ಬಾರದು. ‘ನಾಳೆ ಕೊಡ್ತೀವಿ’ ಎಂಬ ನಮ್ಮ ಕಸುಬಿನ ಸುಳ್ಳನ್ನೂ ನಾನೇ ಹೇಳಬೇಕು! ಬಂದದ್ದು ಒಬ್ಬ ಹೆಂಗಸು, ನನಗಿಂತ ದಣಿದವಳು. ಕುರ್ಚಿಯಲ್ಲಿ ಕುಸಿದು ನೀರು ಕುಡಿದಳು. ಹೋದ ಅಂಗಡಿಯಲ್ಲೆಲ್ಲ ಮಡಿಕೆ ಬಿಚ್ಚದ ಹೊಸ ಹಾಸಿಗೆ ನೋಡಿ ನೋಡಿ ಸಾಕಾಗಿದೆ ಎಂದಳು. ನಾನು ಗಂಟನ್ನು ಮೆಲ್ಲಗೆ ಮಿಷನ್ನಿನ ಕೆಳಗೆ ಸರಿಸಿದೆ. ಅವಳೇ ಎದ್ದು ಪರದೆ ಸರಿಸಿದಳು. ಕೋಣೆ ನೋಡಿದಳು, ಇವರನ್ನು ಏನೋ ಕೇಳಿದಳು, ಇವರು ಉತ್ತರ ಹೇಳಿದರು. ಸರಿ, ಮನೆಯ ದರ ಹಾಕುತ್ತೇನೆ ಎಂದು ಬರೆದುಕೊಂಡು ಹೋದಳು. ನಾನು ಗಂಟು ಬಿಚ್ಚಿಯೂ ಇರಲಿಲ್ಲ.

ಆಮೇಲೆ ಕಚೇರಿಯಲ್ಲಿ ಇಬ್ಬರೂ ಸಹಿ ಹಾಕಿದೆವು. ಆಗೋಯ್ತು ಹಲ್ಲು ಕಿರಿದು, ನಿಮ್ಮ ಯಜಮಾನರು ನಾಟಕಕ್ಕೆ ಸೇರಬೇಕಿತ್ತು ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಈಗ ಬೋರ್ಡಿಗೆ ಹೊಸ ಬಣ್ಣ ಬಳಿಸಬೇಕು, ಮನಸ್ಸೇ ಬರುತ್ತಿಲ್ಲ.

ನೀನು ಮಂಡಿಗೆ ಎಣ್ಣೆ ಹಚ್ಚಿಕೋ, ಸೋಮಾರಿತನ ಬೇಡ. ನಿನ್ನ ಮನೆಯವರನ್ನು ಕೇಳಿದೆನೆಂದು ಹೇಳು. ಮಕ್ಕಳು ನಗುನಗುತ್ತಾ ಇರಲಿ. ನಿನ್ನ ಮನೆ ತುಂಬಿರಲಿ, ತಾಯಿ.

ನಿನ್ನ
ಅಕ್ಕ

ಮರೆತ ಮಾತು: ಮರೆತಿರಲಿಲ್ಲ ಪುಟ್ಟಿ, ಬರೆಯುವುದು ಬೇಡವೆಂದಿದ್ದೆ. ಆ ಕೋಣೆಯಲ್ಲಿ ಎಲ್ಲವೂ ಇತ್ತು. ಹಗ್ಗದ ಮೇಲೆ ಒಗೆದ ಅಂಗಿಗಳು, ಕಿಟಕಿಯಲ್ಲಿ ಗಡ್ಡದ ಸಾಮಾನು, ಹಾಲು ಉಕ್ಕಿದ ಕಲೆಯಿರುವ ಒಲೆ, ಒಂದು ತಟ್ಟೆ, ಒಂದು ಲೋಟ. ಗೋಡೆಯಲ್ಲಿ ನಮ್ಮ ಅತ್ತೆಯ ಫೋಟೋ. ಮನೆಯ ಗೋಡೆಯಲ್ಲಿ ಅದು ಕಾಣದಾದಾಗ, ಕಟ್ಟು ಹಾಕಿಸಲು ಕೊಟ್ಟಿದ್ದಾರೆ ಎಂದುಕೊಂಡಿದ್ದೆ. ಎಷ್ಟು ಜನ ಇರುತ್ತೀರಿ ಎಂದು ಆ ತೆರಿಗೆಯವಳು ಕೇಳಿದಳು. “ನಾನೊಬ್ಬನೇ” ಎಂದರು ಇವರು.

ಸಮವಸ್ತ್ರದ ಕೆಲಸ ಮುಗಿದು ಎಷ್ಟೋ ತಿಂಗಳಾಯಿತು. ಕೆಲಸ, ಕೆಲಸ ಎಂದು ಊರಿಗೆಲ್ಲ ಹೇಳಿದವಳು ನಾನು, ನಂಬಿದವಳೂ ನಾನೇ. ಜಗಳವಾದರೂ ಆಗಿದ್ದರೆ ರಾಜಿ ಮಾಡಿಕೊಳ್ಳಬಹುದಿತ್ತು. ಜಗಳವೇ ಆಗಿಲ್ಲ ಕಣೇ. ಸಹಿ ಹಾಕಿ ಮೆಟ್ಟಿಲಿಳಿಯುವಾಗ, ಐದು ವರ್ಷದ ಷರತ್ತನ್ನು ಯಾರೂ ನೋಡುವುದಿಲ್ಲವಂತೆ, ಇವತ್ತು ಮನೆಗೆ ಬನ್ನಿ ಎಂದು ಕರೆದೆ. ಇವರು ನಿಂತರು. ನನಗೆ ನೋವಾಗಬಾರದೆಂಬಂತೆ ತುಂಬಾ ಮೆಲ್ಲಗೆ ಹೇಳಿದರು.

“ಷರತ್ತು ಇಲ್ದಿದ್ರೂ ನಾನು ಬರ್ತಿರ್ಲಿಲ್ಲ.”