ಪತ್ತಲ ಹಿಡಿದ ಕೈ

ನವೆಂಬರ್ 19, ಬೆಳಿಗ್ಗೆ 8

ಬಿಳಿ ಸೇವಂತಿಗೆಯ ಹಿಂದೆ ಬಿಳಿ ಗೋಡೆ ಆಗುವುದಿಲ್ಲ. ಫೋಟೋದಲ್ಲಿ ಹೂವೇ ಕಾಣದು. ಬೆಡ್‌ಶೀಟ್ ಕಟ್ಟಿ ನೋಡಿದೆ — ಶೀಟಿನ ಮೇಲಿನ ಹೂವು, ಗಿಡದ ಹೂವು, ಎಲ್ಲ ಸೇರಿ ಸಂತೆ. ಪೋರ್ಟ್ರೇಟ್ ಮೋಡ್ ಎಸಳಿನ ತುದಿಯನ್ನೇ ತಿಂದುಹಾಕಿತು. ಕೊನೆಗೆ ಪಕ್ಕದ ಮನೆಯ ಕರೆವ್ವನ ಕರಿ ಕಂಬಳಿ ಕೇಳಿ ತಂದೆ. ಕುರಿ ಉಣ್ಣೆಯದು, ಒಂಚೂರೂ ಹೊಳೆಯುವುದಿಲ್ಲ. ಹೂವು ಎದ್ದು ಕಂಡಿತು.

ಹಗ್ಗಕ್ಕೆ ಹಾಕಿದರೆ ಗಾಳಿಗೆ ನಿಲ್ಲುವುದಿಲ್ಲ. ಹಾಗಾಗಿ ಹಿಡಿದು ನಿಲ್ಲುವವರು ಅತ್ತೆ. ಹಿಂದಿನ ರಸ್ತೆಯಲ್ಲಿ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳು ಬೇರೆ. ಒಂದು ದಾಟಿತೆಂದರೆ ಹಿತ್ತಲೆಲ್ಲ ಧೂಳು.

“ಒಂದ್ ಗೇಣ ಹಿಂದ ಸರೀರಿ ಅತ್ತಿ, ನೆರಳ ಬೀಳಾಕತ್ತೈತಿ.”

“ಹೂವಿನಕಿಂತ ನಿನ್ನ ಕಾಟ ಬಾಳ ಆತ ನೋಡವಾ.” ಕಂಬಳಿಯ ಹಿಂದೆಯೇ ನಗು.

ಗಿಡ ಅವರವು. ಒಂದೊಂದನ್ನೂ ಅವರೇ ಹಚ್ಚಿ ಬೆಳೆಸಿದ್ದು. ಮಾವ ಹೋಗಿ ಮೂರು ವರ್ಷ. ಅಂದಿನಿಂದ ಬೆಳೆದ ಹೂವೆಲ್ಲ ದೇವರಿಗೆ, ಓಣಿಯ ಹೆಂಗಸರ ತಲೆಗೆ. ಅವರ ತಲೆಗೆ ಒಂದೂ ಇಲ್ಲ. ಮುಡಿಯಬೇಡಿ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳದೆಯೇ ಎಲ್ಲರೂ ಒಪ್ಪಿಕೊಂಡೆವು — ನಾನೂ.

ನವೆಂಬರ್ 23

ಕಿತ್ತೂರಿನಲ್ಲಿ ಮಹಿಳಾ ಮಂಡಳದವರ ಹೂವಿನ ಫೋಟೋ ಸ್ಪರ್ಧೆ. ಮೊಬೈಲಿನದೂ ನಡೆಯುತ್ತದೆ. ಫಸ್ಟ್ ಬಂದ ಫೋಟೋವನ್ನು ದೊಡ್ಡದು ಮಾಡಿ, ಫ್ರೇಮ್ ಹಾಕಿ, ಮಂಡಳದ ಹಾಲ್‌ನಲ್ಲಿ ತೂಗುಹಾಕುತ್ತಾರಂತೆ. ಕೆಳಗೆ ಹೆಸರು.

ಇವರು ಗೊಬ್ಬರದ ಅಂಗಡಿಯಿಂದ ಬಂದು ಕೈಕಾಲು ತೊಳೆಯುತ್ತ, “ನಿಂಗ್ಯಾಕ ಬೇಕ ಈ ಉಸಾಬರಿ?” ಅಂದರು.

ಹದಿನೆಂಟು ವರ್ಷ ಈ ಮನೆಯಲ್ಲಿ ರೊಟ್ಟಿ ಬಡಿದಿದ್ದೇನೆ. ರೊಟ್ಟಿಯ ಕೆಳಗೆ ಯಾರೂ ಹೆಸರು ಬರೆಯುವುದಿಲ್ಲ. ಒಂದು ಫ್ರೇಮಿನ ಕೆಳಗೆ ಬೇಕು. ಬೇಕೇ ಬೇಕು.

ನವೆಂಬರ್ 26, 7:30

ಹಳದಿ ಸೇವಂತಿಗೆ ಅರಳಿದೆ. ಅಂಗೈ ಅಗಲ. ಇದಕ್ಕೆ ಕಂಬಳಿ ಸರಿಹೋಗಲಿಲ್ಲ, ಪೊಲೀಸ್ ಸ್ಟೇಷನ್ನಿನಲ್ಲಿ ತೆಗೆದ ಫೋಟೋದ ಹಾಗೆ. ಹಸಿರು ಬೇಕು, ಎಲೆಗಿಂತ ಕಪ್ಪು ಹಸಿರು... ಅತ್ತೆ ಸುಮ್ಮನೆ ಒಳಗೆ ಹೋಗಿ ಟ್ರಂಕು ತೆಗೆದರು. ಅವರ ಹಸಿರು ಪತ್ತಲ. ಮಾವ ತಂದ ಸೀರೆ. ಮೂರು ವರ್ಷದಿಂದ ಮಡಿಕೆ ಬಿಚ್ಚಿರಲಿಲ್ಲ.

“ಉಡಾಕಂತೂ ಇಲ್ಲ. ಹಿಡಿಯಾಕರ ಬರ್ಲಿ,” ಅಂದರು.

ಗಿಡದಿಂದ ಮೂರಡಿ ಹಿಂದೆ, ಎರಡೂ ಕೈ ಎತ್ತಿ ಹಿಡಿದರು. ಎಂಥ ಹಸಿರು! ಹೂವು ದೀಪ ಹಚ್ಚಿದಂತೆ. ಇಪ್ಪತ್ತು ತೆಗೆದದ್ದರಲ್ಲಿ ಒಂದೇ ಸರಿ ಬಂದದ್ದು. ಅದರ ಮೇಲಿನ ಬಲ ಮೂಲೆಯಲ್ಲಿ ಅತ್ತೆಯ ಕೈ — ನಾಲ್ಕು ಬೆರಳು, ಉಗುರಲ್ಲಿ ಮಣ್ಣು, ಬಳೆಯಿಲ್ಲದ ಮಣಿಕಟ್ಟು. ಇರಲಿ. ಚೆನ್ನಾಗಿದೆ. ಅತ್ತೆಗೆ ತೋರಿಸಿದೆ, ಸ್ಪರ್ಧೆಗೆ ಕಳಿಸಿದೆ, ಫ್ಯಾಮಿಲಿ ಗ್ರೂಪಿಗೂ ಹಾಕಿದೆ.

ಅದೇ ದಿನ, ಸಂಜೆ

ಸವದತ್ತಿಯಿಂದ ನಾದಿನಿ ಮಂಜುಳಾ ಫೋನು.

“ವೈನಿ, ಆ ಫೋಟೋ ಮೊದ್ಲ ತಗೀರಿ. ಹೂವಿನ ಹಿಂದ ಅವ್ವನ ಬರಿಗೈ... ಮ್ಯಾಲ ಹಸರ ಪತ್ತಲ! ಬರೋ ತಿಂಗಳ ನನ್ನ ಮಗಳ ಲಗ್ನ ಐತಿ. ಬೀಗರು ನೋಡಿದ್ರ ಏನಂದಾರು?”

“ಚಂದ ಐತಿ ಅಂದಾರು.”

“ಚ್ಯಾಷ್ಟಿ ಮಾಡಬ್ಯಾಡ್ರಿ. ಆ ಮೂಲಿ ಅಷ್ಟ ಕಟ್ ಮಾಡಿದ್ರ ಮುಗೀತಲ್ಲ.”

ಮಾಡುವುದಿಲ್ಲ ಅಂದೆ. ನಿನ್ನ ತಲೆ ಬಾಚಿ ಜಡೆ ಹಾಕಿದ್ದೂ ಅದೇ ಕೈ, ಅದೂ ಅಂದೆ. ಫೋನ್ ಇಟ್ಟಳು. ಇಡಲಿ.

ನವೆಂಬರ್ 30

ಮಹಿಳಾ ಮಂಡಳದ ಭಾಗ್ಯಾ ಮೇಡಂ ಫೋನ್ ಮಾಡಿದ್ದರು. “ಫೋಟೋ ಬಾಳ ಚಂದ ಬಂದೈತ್ರಿ. ಆ ಬೆರಳ ಅಷ್ಟ ಕಟ್ ಮಾಡಿ ಸಂಜಿ ಒಳಗ ಕಳಸ್ರಿ. ಬ್ಯಾಗ್ರೌಂಡ್ ಕ್ಲೀನ್ ಇದ್ರ ಫಸ್ಟ್ ನಿಮಗ.”

ಮಂಜುಳಾಗೆ ಇಲ್ಲ ಅಂದ ಬಾಯಿ, “ಹೂಂರಿ” ಅಂದಿತು.

ಫ್ರೇಮು... ಹೆಸರು... ಕಟ್ ಮಾಡಿದೆ. ಕಳಿಸಿದೆ. ಎರಡು ಸೆಕೆಂಡಿನ ಕೆಲಸ.

ಡಿಸೆಂಬರ್ 7

ಫಸ್ಟ್ ಬಂತು. ಕಿತ್ತೂರಿಗೆ ಅತ್ತೆಯನ್ನೂ ಕರೆದುಕೊಂಡು ಹೋದೆ. ಹಾಲ್‌ನ ನಡುಗೋಡೆಗೆ ಎರಡಡಿ ಅಗಲದ ಫೋಟೋ, ಕೆಳಗೆ ‘ಶೀತಲ ಮಹಾದೇವ, ಬೈಲಹೊಂಗಲ’. ಜನ ನಿಂತು ನೋಡುತ್ತಿದ್ದರು. ಅತ್ತೆಯೂ ನಿಂತರು. ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡರು. ಹೂವನ್ನು ನೋಡುತ್ತಿರಲಿಲ್ಲ. ಬಲ ಮೂಲೆಯನ್ನು ನೋಡುತ್ತಿದ್ದರು.

“ಇಲ್ಲೆ ನನ್ನ ಕೈ ಇತ್ತಲ್ಲವಾ?”

ಸಿಟ್ಟಿಲ್ಲ. ಸುಮ್ಮನೆ ಕೇಳಿದರು. ನಾಚಿಕೆಯಾಯಿತು. ಬರೆಯುವಾಗಲೂ ಆಗುತ್ತಿದೆ. ಊರ ಮಂದಿಯನ್ನು ಬೈಯುತ್ತ ಕೂತಿದ್ದೆ. ಕತ್ತರಿಸಿದವಳು ನಾನು.

ಬಸ್ಸಿನಲ್ಲಿ ಮೊಬೈಲ್ ತೆಗೆದು ಪೂರ್ತಿ ಫೋಟೋ ಹುಡುಕಿಟ್ಟೆ.

ಡಿಸೆಂಬರ್ 8

ಬೆಳಿಗ್ಗೆ ಇಲ್ಲಿಯ ಸ್ಟುಡಿಯೋದಲ್ಲಿ ಪೂರ್ತಿ ಫೋಟೋ ಪ್ರಿಂಟ್ ಹಾಕಿಸಿದೆ, ಕೈ ಸಮೇತ. ಸೀದಾ ಕಿತ್ತೂರು.

“ಇದನ್ನ ಹಾಕ್ರಿ ಮೇಡಂ. ಇಲ್ಲಾಂದ್ರ ಅದನ್ನ ಇಳಸ್ರಿ.”

“ಇಳಿಸಿದ್ರ ಫಸ್ಟ್ ಹೋಗತೈತ್ರಿ.”

“ಹೋಗ್ಲಿರಿ.”

“ಬೆರಳಿನ ಸಲುವಾಗಿ ಇಷ್ಟ ಹಟ ಯಾಕ್ರಿ?”

“ಆ ಬೆರಳ ಇಲ್ಲಂದ್ರ ಹೂವ ಎಲ್ಲಿಂದ ಬರ್ತಿತ್ರಿ?”

ಇಳಿಸಿ ಕೊಟ್ಟರು. ಫ್ರೇಮ್ ಮಂಡಳದ್ದಂತೆ. ಇಟ್ಟುಕೊಳ್ಳಲಿ. ಪೂರ್ತಿ ಫೋಟೋವನ್ನು ಪಡಸಾಲೆಯಲ್ಲಿ ಕ್ಯಾಲೆಂಡರಿನ ಮೊಳೆಗೆ ಹಾಕಿದೆ, ಬಂದವರಿಗೆ ಮೊದಲು ಕಾಣುವ ಕಡೆ. ಕೆಳಗೆ ಪೆನ್ನಿನಿಂದ ಬರೆದೆ: ಗಿಡ ಬೆಳೆಸಿ ಪತ್ತಲ ಹಿಡಿದವರು — ಗುರುಬಸವ್ವ. ಫೋಟೋ ತೆಗೆದವಳು — ಶೀತಲ. ಅವರ ಹೆಸರು ಮೇಲೆ.

ಇವರು ಓದಿದರು. “ಮಂಜಿ ಬಂದ್ರ?”

“ಬಂದ್ರ ನೋಡತಾಳ.”

ಡಿಸೆಂಬರ್ 14, ಬೆಳಿಗ್ಗೆ 7:40

ಬಿಸಿಲು ಇನ್ನೂ ಆಚೆ ಮನೆಯ ಮುತ್ತಪ್ಪನವರ ಮಾಳಿಗೆ ದಾಟಿಲ್ಲ. ದಾಟುವ ತನಕ, ಹಿತ್ತಲಲ್ಲೇ ಕೂತು ನಾಲ್ಕು ಸಾಲು.

ಇಷ್ಟು ದಿನ ಅತ್ತೆ ಹೋಗುತ್ತ ಬರುತ್ತ ಆ ಫೋಟೋ ಮುಂದೆ ನಿಲ್ಲುತ್ತಿದ್ದರು. ಇವತ್ತು ಸ್ನಾನ ಮಾಡಿ ಹೊರಗೆ ಬಂದರು. ಮೈಮೇಲೆ ಹಸಿರು ಪತ್ತಲ. ಹಿತ್ತಲಿಗೆ ಬಂದು ಸ್ಟೂಲು ಎಳೆದು ಸೇವಂತಿಗೆ ಗಿಡದ ಪಕ್ಕ ಕುಳಿತರು.

“ಹಿಡದ್ ಹಿಡದ್ ಕೈ ಸೋತಾವು. ಇವತ್ತ ನಂದೊಂದ ತಗಿ.” ಹಿಂದೆ ತಿರುಗಿ ಗೋಡೆ ನೋಡಿದರು. “ಮತ್ತ, ನನ್ನ ಹಿಂದ ಯಾರ ಹಿಡಿಯಾವ್ರು?”

ಇವರನ್ನು ಕರೆದೆ. ಅಂಗಡಿಗೆ ಹೊರಟಿದ್ದರು, ಕೈಯಲ್ಲಿ ಬೈಕಿನ ಕೀಲಿ. ಅವ್ವನನ್ನು ನೋಡಿದರು. ಪತ್ತಲ ನೋಡಿದರು. ಏನೋ ಅನ್ನಲು ಬಾಯಿ ತೆರೆದರು... ಕರೆವ್ವನ ಕಂಬಳಿ ಮುಂದೆ ಚಾಚಿದೆ. ಕೀಲಿ ಕಿಸೆಗೆ ಹಾಕಿ, ಕಂಬಳಿ ಎತ್ತಿ ಹಿಡಿದರು.

ಹತ್ತು ನಿಮಿಷವಾಯಿತು. ಗೊಣಗಾಟ ಶುರು.

“ಇನ್ನ ಎಷ್ಟೊತ್ತ? ನನ್ನ ಬೆರಳ ಫೋಟೋದಾಗ ಬರ್ತಾವ ನೋಡ.”

“ಬರ್ಲಿ ಬಿಡ್ರಿ.”

ಮಂಜುಳಾ ಫೋನ್ ಬರುತ್ತಿದೆ. ಕ್ಯಾಮೆರಾ ಇರುವುದೂ ಇದರಲ್ಲೇ. ಆಮೇಲೆ ಮಾಡಿದರಾಯಿತು.

ಅತ್ತೆ ಕೈ ಚಾಚಿ ಒಂದು ಹಳದಿ ಸೇವಂತಿಗೆ ಚಿವುಟಿದರು. ದೇವರಿಗೆ ಅಂದುಕೊಂಡೆ. ಅಲ್ಲ. ಬಿಸಿಲು ಬಂತು, ಅವರು ಹೂವನ್ನು ತಲೆಗೆ —