ದೇವರ ರೊಟ್ಟಿಗೆ ಬಿದ್ದ ಬೆಲ್ಲ

ಕುರುಗೋಡು
೨ ಫೆಬ್ರವರಿ ೨೦೨೬, ಸೋಮವಾರ

ಮಗನೇ ದಾಸು,

ಹೇಗಿದ್ದೀಯ? ಮೈಯಲ್ಲಿ ಆರಾಮವಿದೆಯೇ? ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡಿ ಮಾಡಿ ನಿನಗೆ ಕೆಮ್ಮು ಹತ್ತಿದೆ ಎಂದು ಗಿರಣಿಯ ಲಾರಿ ತರುವ ಹನುಮೇಶ ಹೇಳಿದ. ತೌಡಿನ ಧೂಳು ಒಳ್ಳೆಯದಲ್ಲ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡು, ಜೊತೆಯವರು ನಕ್ಕರೆ ನಗಲಿ. ಮಲಗುವ ಮುಂಚೆ ಬಿಸಿ ಹಾಲಿಗೆ ಅರಿಶಿನ ಹಾಕಿಕೊಂಡು ಕುಡಿ. ಹಾಲು ಯಾರು ಕಾಯಿಸಿ ಕೊಡುತ್ತಾರೆ, ಊಟ ಎಲ್ಲಿ, ಮಲಗುವುದು ಎಲ್ಲಿ? ಇದನ್ನೆಲ್ಲ ಕೇಳಬಾರದು ಎಂದು ಗಟ್ಟಿ ಮಾಡಿಕೊಂಡೇ ಪೆನ್ನು ಹಿಡಿದಿದ್ದೆ, ಆರಂಭದಲ್ಲೇ ಕೇಳಿಬಿಟ್ಟೆ. ಇರಲಿ. ಹನುಮೇಶ ನಿನ್ನ ಫೋನ್ ನಂಬರು ಕೊಟ್ಟು ಹೋಗಿದ್ದಾನೆ. ಆದರೆ ನಿನ್ನ ದನಿ ಕೇಳಿದರೆ ನಾನು ಬೈಯುತ್ತೇನೆ, ಇಲ್ಲವೇ ಅಳುತ್ತೇನೆ, ಎರಡಕ್ಕೂ ಈಗ ನನ್ನಲ್ಲಿ ಕಸುವಿಲ್ಲ. ಮಿಷನ್ ಹಾಸ್ಟೆಲಿನಲ್ಲಿ ಟೀಚರಮ್ಮ ಬೆರಳಿಗೆ ಹೊಡೆದು ಕಲಿಸಿದ ಅಕ್ಷರ ಇವತ್ತಾದರೂ ಕೆಲಸಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ಇಲ್ಲಿ ನಾವು ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆದರೆ ಸುಳ್ಳಾಗುತ್ತದೆ, ಚೆನ್ನಾಗಿಲ್ಲ ಎಂದರೆ ನಿಮ್ಮಪ್ಪ ಮುನಿಸಿಕೊಳ್ಳುತ್ತಾರೆ. ನೀನು ಹೋದ ಮೇಲೆ ಬಳ್ಳಾರಿ ಬಿಟ್ಟೆವು. ಕಂಟೋನ್ಮೆಂಟಿನ ಆ ಬಾಡಿಗೆ ಮನೆ ನಿನಗೆ ನೆನಪಿರಬೇಕು, ಹಿಂದೆ ಬೇವಿನ ಮರ, ಮುಂದೆ ಕಲ್ಲಿನ ಮೆಟ್ಟಿಲು. ಮೆಟ್ಟಿಲು ಹೇಗೆ ಮರೆಯುತ್ತೀಯ! ಕತ್ತರಿ ಹಿಡಿಯಲಾಗದ ಕಟಿಂಗ್ ಮಾಸ್ಟರನ್ನು ಯಾವ ಜೀನ್ಸ್ ಕಾರ್ಖಾನೆಯವರು ಇಟ್ಟುಕೊಳ್ಳುತ್ತಾರೆ? ಹಾಗಾಗಿ ನಿಮ್ಮಪ್ಪನ ಹುಟ್ಟೂರಿಗೇ ಬಂದು, ನಿಮ್ಮ ಚಿಕ್ಕಪ್ಪ ಬಿಟ್ಟುಕೊಟ್ಟ ಎರಡು ಕೋಣೆಯಲ್ಲಿ ಬಿದ್ದುಕೊಂಡಿದ್ದೇವೆ. ಹೊಲಿಗೆ ಮಿಷನ್ನು ಈಗ ನನ್ನದು. ಅವರು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಇಲ್ಲಿ ಒಳಗೆ ಹಿಡಿ, ಅಲ್ಲಿ ಸ್ವಲ್ಪ ಬಿಡು ಎನ್ನುತ್ತಾರೆ, ನಾನು ತುಳಿಯುತ್ತೇನೆ. ಓಣಿಯ ಹೆಂಗಸರ ರವಿಕೆ, ಶಾಲೆ ಮಕ್ಕಳ ಲಂಗ, ಹೊಲಕ್ಕೆ ಹೋಗುವವರ ಹರಿದ ಪ್ಯಾಂಟು, ಏನು ಬಂದರೂ ಬೇಡ ಎನ್ನುವುದಿಲ್ಲ. ಈಗ ಮೆಣಸಿನಕಾಯಿ ಒಣಗಿಸುವ ಕಾಲ. ಕಣದ ಘಾಟಿಗೆ ಓಣಿಗೆ ಓಣಿಯೇ ಸೀನುತ್ತದೆ. ನಿಮ್ಮಪ್ಪ ಸೀನಿದಾಗಲೆಲ್ಲ 'ಸ್ತೋತ್ರ' ಎನ್ನುತ್ತಾರೆ, ಸೀನು ಮುಗಿಯುವುದಿಲ್ಲ, ಸ್ತೋತ್ರವೂ ಮುಗಿಯುವುದಿಲ್ಲ. ನನಗೆ ನಗು ಬರುವುದು ಆಗ ಮಾತ್ರ.

ಮೆಟ್ಟಿಲಿಂದ ಬಿದ್ದು ಮುರಿದ ಅವರ ಬಲಗೈ ಸರಿಹೋಗಲಿಲ್ಲ. ಮೂಳೆ ಕೂಡಿತು, ಬೆರಳು ಮಡಚಲಿಲ್ಲ. ಹೆಬ್ಬೆರಳು ತೋರುಬೆರಳು ಹೇಗೋ ಒಂದಕ್ಕೊಂದು ತಾಗುತ್ತವೆ, ಅಷ್ಟೇ. ಅವತ್ತು ನೀನು ಕುಡಿದು ಬಂದಾಗ ಅವರು ಬೇರೇನೂ ಅನ್ನಲಿಲ್ಲ, 'ಒಳಗ ಬಾ, ಮೊದ್ಲು ಉಣ್ಣು' ಎಂದರು. ಉಪದೇಶ ಬೇಡ ಎಂದು ಅವರನ್ನು ಮೆಟ್ಟಿಲ ಮೇಲಿಂದ ನೂಕಿ ಹೋದೆ. ಹೋದದ್ದೇ ಹೋದದ್ದು, ತಿರುಗಿ ನೋಡಲಿಲ್ಲ. ಆಮೇಲಿನದು ನಿನಗೆ ಗೊತ್ತಿಲ್ಲ, ಈಗ ಕೇಳು. ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತು ಎಂದು ಕೇಳಿದರು. ಚರ್ಚಿನ ಸಭೆಯ ಹಿರಿಯ, ಹೊಲಿಗೆ ತಡವಾದರೂ ಸುಳ್ಳು ನೆಪ ಹೇಳದ ಮನುಷ್ಯ, 'ಕಾಲು ಜಾರಿತ್ರಿ' ಎಂದುಬಿಟ್ಟರು. ನಾನು ಬಾಯಿ ತೆರೆದೆ, ಕಣ್ಣಲ್ಲೇ ತಡೆದರು. ಪಟ್ಟಿ ಕಟ್ಟಿಸಿಕೊಂಡು ಆಟೋದಲ್ಲಿ ಕೂತ ಮೇಲೆ ಅವರ ಬಾಯಿಂದ ಬಂದ ಮೊದಲ ಮಾತು, 'ದಾಸು ಉಂಡಿದ್ನೇನು?' ನನ್ನ ಮೈಯೆಲ್ಲ ಉರಿಯಿತು. ನಿನ್ನ ಮೇಲೆ ಎಷ್ಟು ಸಿಟ್ಟಿತ್ತೋ ಅವರ ಮೇಲೂ ಅಷ್ಟೇ ಬಂತು. ಅವನು ಬಂದು ಕಾಲು ಹಿಡಿಯಲಿ, ತಪ್ಪಾಯಿತು ಎನ್ನಲಿ, ಆಮೇಲೆ ಬೇಕಾದರೆ ಕ್ಷಮಿಸಿ ಎಂದು ದಾರಿಯುದ್ದಕ್ಕೂ ಜಗಳವಾಡಿದೆ. 'ನಾವು ನೆಟ್ಟಗಾಗ್ಲಿ ಅಂತ ದೇವ್ರು ಕಾದಿದ್ರ ನಮ್ಮ ಗತಿ ಏನಾಗ್ತಿತ್ತಲೇ ಸುವಾರ್ತಿ' ಎಂದರು. ಅದನ್ನು ಕೇಳಿ ಸಿಟ್ಟು ಇನ್ನೂ ಜಾಸ್ತಿಯಾಯಿತು.

ದೇವರ ಪ್ರೀತಿ ದೊಡ್ಡದು, ನಾನು ಅಲ್ಲ ಎನ್ನುವುದಿಲ್ಲ. ಒಳ್ಳೆಯವನು ಕೆಟ್ಟವನು ನೋಡದೆ, ಏನನ್ನೂ ಕೇಳದೆ ಪ್ರೀತಿಸುತ್ತಾನೆ, ಅದನ್ನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಆದರೆ ದೇವರು ಬಂದು ನಿಮ್ಮಪ್ಪನ ಬೆನ್ನು ತಿಕ್ಕುವುದಿಲ್ಲ. ಕ್ಷಮಿಸಿದವರು ಅವರು, ಅಂಗಿಯ ಗುಂಡಿ ಹಾಕುವವಳು ನಾನು. ದಿನಾ ಬೆಳಿಗ್ಗೆ ಅವರು ಪುಟ್ಟ ಮಗುವಿನ ಹಾಗೆ ಗಲ್ಲ ಎತ್ತಿ ನಿಲ್ಲುತ್ತಾರೆ. ಕೆಳಗಿನಿಂದ ಒಂದೊಂದೇ ಗುಂಡಿ ಹಾಕುತ್ತ ನಾನು ನಿನ್ನನ್ನು ನೆನೆಯುತ್ತೇನೆ, ಒಳ್ಳೆಯ ಮಾತಿನಿಂದಲ್ಲ. ಆಮೇಲೆ ಅವರು ಪ್ರಾರ್ಥನೆಗೆ ಕೂತು ಎಲ್ಲರಿಗಿಂತ ಮೊದಲು ನಿನ್ನ ಹೆಸರು ಹೇಳುತ್ತಾರೆ. ಒಂದೇ ಮನೆಯಲ್ಲಿ ಒಂದೇ ಹೊತ್ತಿನಲ್ಲಿ ನಿನಗೆ ಆಶೀರ್ವಾದವೂ ಆಗುತ್ತಿತ್ತು, ಬೈಗುಳವೂ ಆಗುತ್ತಿತ್ತು. ಈಚೆಗೆ ಬೈಯುವುದಕ್ಕೂ ಬೇಸರ. ಸಿಟ್ಟು ಹಿಡಿದುಕೊಂಡಿರುವುದೂ ಒಂದು ಕೂಲಿ ಕೆಲಸವೇ ದಾಸು, ಮತ್ತು ನಾನು ತುಂಬ ದಣಿದಿದ್ದೇನೆ.

ಇಲ್ಲಿನ ಸಭೆ ಚಿಕ್ಕದು, ತಗಡಿನ ಮಂದಿರ. ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಯೇಸುವಿನ ನೆನಪಿಗೆ ರೊಟ್ಟಿ ಮುರಿದು ಎಲ್ಲರಿಗೂ ಹಂಚುತ್ತಾರೆ. ಅದಕ್ಕೆ ರೊಟ್ಟಿಯನ್ನು ಪೇಟೆಯಿಂದ ತರುವುದಿಲ್ಲ, ಸಭೆಯ ಹೆಂಗಸೊಬ್ಬಳು ಮನೆಯಲ್ಲೇ ಮಾಡಿ ಬಿಳಿ ಬಟ್ಟೆಯಲ್ಲಿ ಸುತ್ತಿ ತರುವ ರೂಢಿ. ಗೋಧಿ ಹಿಟ್ಟು, ನೀರು, ಅಷ್ಟೇ. ಉಪ್ಪಿಲ್ಲ, ಹುಳಿಯಿಲ್ಲ. ಮೊದಲು ಪಕ್ಕದ ಮನೆಯ ವಿರೂಪಮ್ಮಜ್ಜಿ ಮಾಡುತ್ತಿದ್ದಳು, ಅವಳ ಕೈ ನಡುಗತೊಡಗಿದ ಮೇಲೆ ಕೆಲಸ ನನ್ನ ಪಾಲಿಗೆ ಬಂತು. ಮಾಡುತ್ತೇನೆ, ತಿನ್ನುವುದಿಲ್ಲ. ಒಬ್ಬರ ಮೇಲೆ ಮನಸ್ಸು ಕಹಿ ಮಾಡಿಕೊಂಡು ಆ ರೊಟ್ಟಿಗೆ ಕೈ ಹಾಕಬಾರದು ಎಂದು ಚಿಕ್ಕಂದಿನಿಂದ ಕಲಿಸಿದ್ದಾರೆ. ಹಾಗಾಗಿ ನೀನು ಹೋದಂದಿನಿಂದ ತಟ್ಟೆ ಮುಂದೆ ಬಂದಾಗ ಸುಮ್ಮನೆ ಪಕ್ಕದವರಿಗೆ ದಾಟಿಸುತ್ತೇನೆ. ಮೊದಮೊದಲು ಜನ ತಿರುಗಿ ನೋಡುತ್ತಿದ್ದರು, ಈಗ ಅವರಿಗೂ ರೂಢಿಯಾಗಿದೆ. ಪಾಸ್ಟರ್ ಇನ್ನೂ ಚಿಕ್ಕ ವಯಸ್ಸಿನವರು. 'ಕ್ಷಮಿಸಿಬಿಡ್ರಿ ಅಮ್ಮ, ಮನಸ್ಸು ಹಗುರಾಗ್ತೈತಿ' ಎಂದು ಒಂದು ಸಲ ಹೇಳಿದರು. 'ನಾಳಿ ಬಂದು ಎರಡು ಕೊಡ ನೀರು ಹೊತ್ತು ಕೊಡ್ರಿ, ಮೈನೂ ಹಗುರಾಗ್ತೈತಿ' ಎಂದೆ. ಪಾಪ, ನಿಜವಾಗಿಯೂ ಬಂದು ಹೊತ್ತರು. ಅವತ್ತಿನಿಂದ ಅವರನ್ನು ಗದರಿಸುವುದು ಬಿಟ್ಟಿದ್ದೇನೆ.

ಮೊನ್ನೆ ಶನಿವಾರ ಮಧ್ಯಾಹ್ನ ಹನುಮೇಶ ಅಕ್ಕಿ ಲಾರಿ ನಿಲ್ಲಿಸಿ ಬಾಗಿಲಿಗೆ ಬಂದ. ನೀವಿಬ್ಬರೂ ಒಂದೇ ಗಿರಣಿಯಲ್ಲಿ ಇದ್ದೀರಿ ಎಂದು ನನಗೆ ಗೊತ್ತಾದದ್ದೇ ಆಗ. ನೀನು ಬದುಕಿದ್ದೀಯ ಎಂಬುದನ್ನು ಕೇಳಿದ ಕೂಡಲೇ ನನ್ನ ಕಾಲು ಮಿಷನ್ನಿನ ಮೇಲೆ ಹಾಗೇ ನಿಂತಿತು. ಅವನು ನಿನ್ನ ಪರವಾಗಿ ದೊಡ್ಡ ವಕೀಲನ ಹಾಗೆ ಶುರು ಮಾಡಿದ, ಕುಡಿಯುವುದು ಬಿಟ್ಟಿದ್ದಾನೆ, ದುಡಿಯುತ್ತಿದ್ದಾನೆ, ಯಾರ ಜೊತೆಗೂ ಜಗಳವಿಲ್ಲ. ನಾನು ಕಿವಿಗೊಟ್ಟು ಕೇಳುತ್ತಿದ್ದೆ, ನನಗೆ ಅದೇ ಬೇಕಾಗಿತ್ತು. ನಿಮ್ಮಪ್ಪ ನಡುವೆ ಕೈ ಅಡ್ಡ ಹಿಡಿದರು. 'ಅದೆಲ್ಲ ಇರ್ಲಿ ಬಿಡಪಾ, ಆರಾಮ ಅದಾನೇನು ನಮ್ಮ ಹುಡ್ಗ?' ಎಂದರು. ಆರಾಮ ಎಂದದ್ದೇ ತಡ, ಅವರ ಮುಖ ನೋಡಬೇಕಿತ್ತು ನೀನು. ಹೋಗುವಾಗ ಹನುಮೇಶ ನನ್ನ ಕಡೆ ತಿರುಗಿ ನಿನ್ನ ಮಾತು ಮುಟ್ಟಿಸಿದ. 'ಅಪ್ಪ ಕರೀತಾನಂತ ನಂಗ ಗೊತ್ತೈತಿ. ಅವ್ವ ಬಾ ಅಂದ್ರಷ್ಟ ಬರ್ತೀನಿ.' ಸೋಮವಾರ ಇದೇ ದಾರಿಯಲ್ಲಿ ವಾಪಸು ಬರುತ್ತೇನೆ, ಉತ್ತರ ಕೊಡ್ರಿ ಎಂದು ಹೋದ. ಇಷ್ಟು ವರ್ಷ ಸುದ್ದಿಯಿಲ್ಲದೆ ಇದ್ದು, ಈಗ ಇಡೀ ಭಾರವನ್ನು ನನ್ನ ತಲೆಯ ಮೇಲೆಯೇ ಇಟ್ಟೆಯಲ್ಲ, ಜಾಣ! ನಿಮ್ಮಪ್ಪ ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ.

ಭಾನುವಾರ ಬೆಳಿಗ್ಗೆ ಕರೆಂಟು ಇರಲಿಲ್ಲ. ಒಲೆಯ ಬೆಳಕಿನಲ್ಲೇ ಹಿಟ್ಟು ಕಲಸಿ ರೊಟ್ಟಿ ಬೇಯಿಸಿದೆ. ಮನಸ್ಸು ಒಂದೇ ಮಾತು ಕುಟ್ಟುತ್ತಿತ್ತು, ಬಾ ಎನ್ನಲೋ, ಬೇಡ ಎನ್ನಲೋ. ರೊಟ್ಟಿ ಬಟ್ಟೆಯಲ್ಲಿ ಸುತ್ತಿ, ನಿಮ್ಮಪ್ಪನ ಗುಂಡಿ ಹಾಕಿ, ಮಂದಿರಕ್ಕೆ ಹೋದೆವು. ಪಾಸ್ಟರ್ ಪ್ರಾರ್ಥನೆ ಮಾಡಿ ರೊಟ್ಟಿ ಮುರಿಯಲು ಹೋದರು. ಯಾವಾಗಲೂ ಚಟಕ್ಕನೆ ಮುರಿಯುವುದು ಈ ಸಲ ಮೆತ್ತಗೆ ಹರಿಯಿತು. ಒಮ್ಮೆ ತಿರುಗಿಸಿ ನೋಡಿದರು, ಮತ್ತೆ ಮುಂದುವರಿಸಿದರು. ತಟ್ಟೆ ಸಾಲಿನಿಂದ ಸಾಲಿಗೆ ಬಂತು, ನಾನು ಎಂದಿನಂತೆ ದಾಟಿಸಿದೆ. ಎಲ್ಲರೂ ತಲೆ ತಗ್ಗಿಸಿ ಮೌನವಾಗಿದ್ದಾಗ ವಿರೂಪಮ್ಮಜ್ಜಿ, ಅವಳಿಗೆ ಕಿವಿ ಮಂದ ನೋಡು, ಇಡೀ ಮಂದಿರಕ್ಕೆ ಕೇಳುವ ಹಾಗೆ, 'ಯವ್ವಾ, ಈ ಸಲ ದೇವ್ರ ರೊಟ್ಟಿ ಸೀ ಐತಲ್ಲ!' ಎಂದಳು. ಮುಂದಿನ ಸಾಲಿನ ಹುಡುಗಿಯರು ಸೆರಗು ಬಾಯಿಗೆ ಒತ್ತಿಕೊಂಡರು. ಸಿಹಿ ಎಲ್ಲಿಂದ ಬಂತು, ಮುದುಕಿಗೆ ಬಾಯಿ ರುಚಿ ಕೆಟ್ಟಿದೆ ಎಂದುಕೊಂಡು ನಾನು ಗಂಡಸರ ಸಾಲಿನ ಕಡೆ ನೋಡಿದೆ. ನಿಮ್ಮಪ್ಪ ಕಣ್ಣು ಮುಚ್ಚಿ ನಿಧಾನವಾಗಿ ಅಗಿಯುತ್ತಿದ್ದರು, ಕೆನ್ನೆ ಒದ್ದೆಯಾಗಿತ್ತು.

ಭೋಜನದಲ್ಲಿ ಉಳಿದ ರೊಟ್ಟಿಯನ್ನು ಎಸೆಯುವ ಹಾಗಿಲ್ಲ, ತಂದ ಮನೆಯವರೇ ಮುಗಿಸಬೇಕು. ಪ್ರತಿ ಸಲ ಅದು ನಿಮ್ಮಪ್ಪನ ಪಾಲು. ಈ ಸಲ ಎಲ್ಲರೂ ಹೋದ ಮೇಲೆ ಅವರು ಉಳಿದ ತುಂಡನ್ನು ಆ ಕೈಲಾಗದ ಕೈಯಲ್ಲೇ, ಎರಡು ಬೆರಳ ನಡುವೆ ಹಿಡಿದು ನನ್ನ ಹತ್ತಿರ ತಂದರು. 'ಇವತ್ತು ನೀನ ತಿನ್ನು' ಎಂದರು. ರುಚಿ ನೋಡೋಣ ಎಂದಷ್ಟೇ ಬಾಯಿಗೆ ಹಾಕಿಕೊಂಡೆ, ದಾಸು, ಬೇರೆ ಯಾವ ಯೋಚನೆಯೂ ಇರಲಿಲ್ಲ. ಬೆಲ್ಲ. ನೀನು ಶಾಲೆಗೆ ಹೋಗುವಾಗ ಅದಿಲ್ಲದೆ ಹೊಸ್ತಿಲು ದಾಟುತ್ತಿರಲಿಲ್ಲವಲ್ಲ, ಬೆಲ್ಲದ ನೀರಿನಲ್ಲಿ ಹಿಟ್ಟು ಕಲಸಿ ಮಾಡುತ್ತಿದ್ದ ಆ ರೊಟ್ಟಿ. ನೀನು ಹೋದ ಮೇಲೆ ಒಂದು ದಿನವೂ ಅದನ್ನು ಮಾಡಿರಲಿಲ್ಲ. ಮನೆಗೆ ಬಂದು ನೋಡಿದೆ, ಒಲೆಯ ಪಕ್ಕ ಪಾತ್ರೆಯ ತಳದಲ್ಲಿ ಬೆಲ್ಲದ ಕಸ ಕೂತಿತ್ತು, ಡಬ್ಬಿ ಖಾಲಿಯಾಗಿತ್ತು. ಯಾವಾಗ ಡಬ್ಬಿ ತೆಗೆದೆ, ಯಾವಾಗ ನೀರಿಗೆ ಹಾಕಿದೆ, ದೇವರಾಣೆಗೂ ನನಗೆ ನೆನಪಿಲ್ಲ. ಬಾ ಎನ್ನಲೋ ಬೇಡ ಎನ್ನಲೋ ಎಂದು ನಾನು ಒದ್ದಾಡುತ್ತಿದ್ದಾಗ ಕೈ ನನ್ನನ್ನು ಕೇಳದೆಯೇ ನಿನಗೆ ರೊಟ್ಟಿ ಮಾಡಿಬಿಟ್ಟಿತ್ತು. ನೆಲದ ಮೇಲೆ ಕೂತು ಅತ್ತೆ. ನಿಮ್ಮಪ್ಪ ಬಂದು ಪಕ್ಕದಲ್ಲಿ ಕೂತರು. ಕ್ಷಮೆ, ಪ್ರೀತಿ, ಒಂದೂ ಮಾತಾಡಲಿಲ್ಲ ಪುಣ್ಯಾತ್ಮ. 'ಬೆಲ್ಲ ತುಸು ಜಾಸ್ತಿ ಆಗಿತ್ತು' ಎಂದರು.

ಸಂಜೆ ಪಾಸ್ಟರ ಮನೆಗೆ ಹೋಗಿ ತಪ್ಪಾಯಿತು ಎಂದೆ. ಅವರು ಬಹಳ ಯೋಚನೆ ಮಾಡಿ, ಮುಂದಿನ ಸಲ ನೋಡಿಕೊಂಡು ಮಾಡ್ರಿ ಎಂದರು, ಆಮೇಲೆ ಮೆಲ್ಲಗೆ, ರೊಟ್ಟಿ ಚೆನ್ನಾಗಿತ್ತು ಎಂದರು. ನನಗೆ ಈಗಲೂ ಗೊಂದಲ. ಕಹಿ ಇಟ್ಟುಕೊಂಡು ತಿನ್ನಬಾರದ ರೊಟ್ಟಿಯನ್ನು ತಿಂದೆ. ಕಹಿ ಹೋಗಿದೆಯೇ ಎಂದು ಒಳಗೆ ತಡಕಿ ನೋಡಿದರೆ ಪೂರ್ತಿ ಹೋಗಿಲ್ಲ. ಇವತ್ತು ಬೆಳಿಗ್ಗೆ ಗುಂಡಿ ಹಾಕುವಾಗಲೂ ಸೊಂಟ ನೋಯಿತು, ನಿನ್ನ ನೆನಪಾಯಿತು, ಬೈಗುಳವೂ ಬಾಯಿಯವರೆಗೆ ಬಂತು. ದೇವರ ಪ್ರೀತಿಗೆ ದಣಿವಿಲ್ಲ, ತಾಯಿಯ ಪ್ರೀತಿಗೆ ಇದೆ, ಅದನ್ನು ನೀನು ತಿಳಿದುಕೊಂಡಿರಬೇಕು. ನಿನ್ನನ್ನು ಕ್ಷಮಿಸಿದ್ದೇನೆ ಎಂದು ನಿಮ್ಮಪ್ಪನ ಹಾಗೆ ಗಟ್ಟಿಯಾಗಿ ಹೇಳಲು ನನಗೆ ಬರುವುದಿಲ್ಲ. ನೀನು ಕೇಳಿದ ಮಾತಿಗೆ ಏನು ಬರೆಯಲಿ ಎಂದು ಬೆಳಗಿನಿಂದ ಕೂತಿದ್ದೇನೆ, ಕಾಗದ ಮುಗಿಯುತ್ತ ಬಂತು, ಉತ್ತರ ಬರೆಯಲಾಗಿಲ್ಲ.

ಭಾಗ್ಯ ರಾರಾವಿಯಲ್ಲಿ ಗಂಡನ ಮನೆಯಲ್ಲಿ ಚೆನ್ನಾಗಿದ್ದಾಳೆ, ಅಣ್ಣನ ಸುದ್ದಿ ಬಂತು ಎಂದು ಫೋನಿನಲ್ಲಿ ಕುಣಿದಾಡಿದಳು. ವಿರೂಪಮ್ಮಜ್ಜಿ ನಿನ್ನನ್ನು ನೋಡಿಯೇ ಇಲ್ಲ, ಆದರೂ ಕೇಳಿದೆ ಎಂದು ಬರಿ ಎಂದಿದ್ದಾಳೆ. ನಿಮ್ಮಪ್ಪನ ಆಶೀರ್ವಾದ ನಿನಗೆ ದಿನಾ ತಲುಪುತ್ತಲೇ ಇರಬೇಕು, ಬೇರೆ ಬರೆಯುವುದಿಲ್ಲ. ಕರ್ತನು ನಿನ್ನ ಎದೆಯ ಕೆಮ್ಮು ತೆಗೆದು ನಿನ್ನನ್ನು ಕಾಯಲಿ.

ನಿನ್ನ ತಾಯಿ,
ಸುವಾರ್ತಮ್ಮ

ಮತ್ತೆ: ಹನುಮೇಶ ಲಾರಿ ನಿಲ್ಲಿಸಿ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಬಾ. ನಿಮ್ಮಪ್ಪ ಕರೆದರೆಂದು ಅಲ್ಲ, ನಾನು ಕರೆಯುತ್ತಿದ್ದೇನೆ. ಕುಡಿಯುವುದು ಬಿಟ್ಟಿದ್ದರೆ ಸಂತೋಷ, ಬಿಟ್ಟಿಲ್ಲದಿದ್ದರೂ ಬಾ, ಬೈಸಿಕೊಳ್ಳುವುದು ಹೇಗೂ ತಪ್ಪಿದ್ದಲ್ಲ. ಮನೆಯಲ್ಲಿದ್ದ ಬೆಲ್ಲವೆಲ್ಲ ದೇವರ ರೊಟ್ಟಿಗೆ ಹೋಯಿತು, ಬರುವಾಗ ಒಂದು ಅಚ್ಚು ತಾ. ಬಂದ ಮರುದಿನದಿಂದ ನಿಮ್ಮಪ್ಪನ ಅಂಗಿಯ ಗುಂಡಿ ನೀನೇ ಹಾಕಬೇಕು, ನನ್ನ ಕೈ ಸೋತಿದೆ.