ಬಲಗಡೆಯ ಗಿಳಿ

ಹದಿನಾಲ್ಕು, ಮಂಗಳವಾರ.

ಎರಡು ಮರದ ಗಿಳಿಗಳು ಇವತ್ತು ನನ್ನ ತಲೆ ತಿಂದುಹಾಕಿದವು.

ದೇವರ ಮಂಟಪ ರಿಪೇರಿಗೆ ಕೊಟ್ಟಿದ್ದ ಗಿರಾಕಿ ಅಮ್ಮ ಮಧ್ಯಾಹ್ನ ನಮ್ಮ ಅಂಗಡಿಗೆ ಬಂದರು. ಅದು ಅವರ ಮುತ್ತಜ್ಜಿಯ ಕಾಲದ ಮಂಟಪ, ಕಮಾನಿನ ಎರಡೂ ಬದಿಗೆ ಒಂದೊಂದು ಗಿಳಿ. ಬಲಗಡೆಯದನ್ನು ಗೆದ್ದಲು ತಿಂದಿತ್ತು. ಹೊಸದನ್ನು ಅಣ್ಣ ಕೆತ್ತಿದ. ನಾನು ಬಣ್ಣ ಹಚ್ಚಿ, ಉಜ್ಜಿ ಉಜ್ಜಿ ಹಳೇದರ ಹಾಗೆ ಮಾಸಲು ಮಾಡಿದೆ. ಅದಕ್ಕೇ ಹದಿನೈದು ದಿನ ಹಿಡಿಯಿತು.

ಯಾವ ಬದಿಯದು ಹಾಳಾಗಿತ್ತೆಂದು ಆಯಮ್ಮನಿಗೆ ನೆನಪೇ ಇಲ್ಲ! ಬಲಗಡೆಯದನ್ನು ಸವರಿ, "ಹಳೇ ಕಾಲದವರ ಕೈಯೇ ಬೇರೆ ಕಣಮ್ಮ" ಅಂದರು. ಎಡಗಡೆಯದಕ್ಕೆ ಮೂತಿ ಮುರಿದು, "ನೀನು ಮಾಡಿರೋದು ಎದ್ದು ಕಾಣುತ್ತೆ. ಪೂರ್ತಿ ಕೆರೆದು ಇದರ ಹಾಗೇ ಮಾಡಿಕೊಡು. ನಾಡಿದ್ದು ಬರ್ತೀನಿ" ಅಂದರು.

ಅಯ್ಯೋ ತಾಯಿ, ನಿಮ್ಮ ಮುತ್ತಜ್ಜಿಯ ಗಿಳೀನ ನಾನು ಕೆರೀಲಾ?

ಹಾಗಂತ ಕೇಳೋಕೆ ನನ್ನ ಬಾಯಿಗೇನಾಗಿತ್ತೋ. "ನೋಡೋಣ" ಅಂದು ಕಳಿಸಿದೆ.

ಅಣ್ಣ ಉಳಿ ಕೆಳಗಿಟ್ಟು ಬಿದ್ದು ಬಿದ್ದು ನಕ್ಕ. "ನಿನ್ನ ಗಿಳಿ ಹುಟ್ಟಿದ ತಿಂಗಳಿಗೇ ಮುತ್ತಜ್ಜಿ ಆಯ್ತಲ್ಲೇ! ಆಗಲೇ ಹೇಳೋಕೇನಾಗಿತ್ತು?"

ನಾಳೆ ಫೋನ್ ಮಾಡಿ ಹೇಳಿಬಿಡಬೇಕು. ಇವತ್ತೇ ಹೇಳಬಹುದಿತ್ತು. ಆದರೆ ಆ "ಹಳೇ ಕಾಲದವರ ಕೈ" ಅನ್ನೋ ಮಾತನ್ನ ಇನ್ನೊಂದು ಸಲ ಅನ್ನಲಿ ಅಂತ ಪೆದ್ದಿ ಥರ ಕಾಯುತ್ತ ನಿಂತಿದ್ದೆ.